ಬಂಕಾಪುರ, ಸವಣೂರು: ಒಂದು ದಿನದ ಸಂಚಾರ

ವಿದ್ಯೆಯನ್ನು ಅರಸಿ ಚೀನಾ ದೇಶಕ್ಕಾದರೂ ಹೋಗಬೇಕೆಂಬ ಮಾತು ನಮ್ಮ ಜನರ ನಾಲಗೆಯ ಮೇಲೆ ಸದಾ ಇರುತ್ತದೆ. ಪ್ರವಚನಗಳಲ್ಲಿ, ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಇದನ್ನು ಪ್ರವಾದಿವರ್ಯರ(ಸ) ವಚನವೆಂದೇ ಉದ್ಧರಿಸುವವರಿದ್ದಾರೆ. ಹದೀಸ್ ವಿದ್ವಾಂಸರು ಇದರ ವರದಿಗಾರರ ಸರಣಿಯನ್ನು ದುರ್ಬಲವೆಂದು ಕಂಡಿದ್ದಾರೆ. ಕೆಲವರು ಇದನ್ನು ಕಟ್ಟುಮಾತೆಂದೇ ತಳ್ಳಿಹಾಕಿದ್ದಾರೆ. ಆದರೆ ಭೂಮಿಯಲ್ಲಿ ಸಂಚರಿಸಿ, ಗತಿಸಿಹೋದವರ ಕುರುಹುಗಳನ್ನು ಕಣ್ಣಾರೆ ಕಂಡು ಆಲೋಚಿಸಬೇಕೆಂಬ ಆದೇಶ ಪವಿತ್ರ ಕುರ್‌ಆನಿನಲ್ಲಿ ಒಂದೆಡೆಯಲ್ಲ, ಮತ್ತೆ ಮತ್ತೆ ಬಂದಿದೆ. ಅದಕ್ಕೆ ಸರಣಿಯ ಸಂಶಯವಿಲ್ಲ. ಚೀನಾಕ್ಕೇ ಹೋಗಬೇಕೆಂಬ ಕಡ್ಡಾಯವೂ ಇಲ್ಲ.

ಚೀನಾಕ್ಕೆ ನಿಜವಾಗಿಯೂ ಹೋಗಿಬಂದವರು ಮೊರಾಕ್ಕೋದ ಇಬ್ನ್ ಬತೂತಾ. 1325ರಲ್ಲಿ ಹುಟ್ಟೂರು ಬಿಟ್ಟ ಅವರು 1340ರ ದಶಕದಲ್ಲಿ ನಮ್ಮ ನೆರೆಯ ಹೊನ್ನಾವರಕ್ಕೂ ಬಂದಿದ್ದರು. ಅಲ್ಲಿ ಹೆಣ್ಣುಮಕ್ಕಳಿಗಾಗಿ 13, ಗಂಡುಮಕ್ಕಳಿಗಾಗಿ 23 ಪಾಠಶಾಲೆಗಳಿದ್ದುದನ್ನು ಅವರು ಬರೆದಿಟ್ಟಿದ್ದಾರೆ. ಅಧ್ಯಾಪಕರಾದ ನಮಗೆ ಅವರ ಗ್ರಂಥದ ಉಳಿದೆಲ್ಲ ವೈಭವಕ್ಕಿಂತ ಈ ಲೆಕ್ಕವೇ ಹೆಚ್ಚು ಪ್ರಿಯ. ಮುಂದೆ ಅವರು ಕಡಲ ದಾರಿಯಲ್ಲಿ ಸಾಗಿ ಚೀನಾದ ಜೈತೂನ್ ಬಂದರಿಗೆ, ಎಂದರೆ ಇಂದಿನ ಕ್ವಾನ್‌ಝೌ ನಗರಕ್ಕೆ ಇಳಿದರು. ಅಲ್ಲಿ 1009ರಲ್ಲಿ ಕಟ್ಟಿದ ಮಸೀದಿಯೊಂದು ಇಂದಿಗೂ ಇದೆ. ಆ ದೇಶದ ಪಿಂಗಾಣಿಯನ್ನೂ ಕಾಗದದ ಹಣವನ್ನೂ ದಾರಿಗಳ ಭದ್ರತೆಯನ್ನೂ ಬಾಯ್ತುಂಬ ಹೊಗಳಿದ ಆ ಮಹಾಸಂಚಾರಿ ಒಂದು ವಿಚಿತ್ರ ಸಂಗತಿಯನ್ನೂ ಹೇಳಿಕೊಂಡಿದ್ದಾರೆ. ಅಲ್ಲಿನ ಅನ್ಯಧರ್ಮದ ಆಚರಣೆಗಳನ್ನು ಕಂಡು ಅವರ ಮನಸ್ಸು ಕದಡುತ್ತಿತ್ತಂತೆ. ಆದ್ದರಿಂದ ಅನಿವಾರ್ಯವಾದಾಗ ಮಾತ್ರ ಮನೆಯ ಹೊಸಿಲು ದಾಟುತ್ತಿದ್ದರಂತೆ. ಸಾವಿರಾರು ಹರದಾರಿ ನಡೆದು ಹೋಗಿ ಬಾಗಿಲು ಮುಚ್ಚಿಕೊಂಡು ಕುಳಿತರು! ಅವರ ವಿದ್ವತ್ತಿಗೆ ತಲೆಬಾಗುವ ನಾವು ಈ ಒಂದು ವಿಷಯದಲ್ಲಿ ಅವರನ್ನು ಅನುಸರಿಸಲಾರೆವು. ಅವರು ಮರಳಿ ಹೋಗಲಿದ್ದ ಅತಿಥಿ. ನಾವು ಇಲ್ಲಿಯೇ ಬಾಳಬೇಕಾದವರು.

ಈ ವಿಚಾರ ನಮ್ಮ ಮನಸ್ಸಿನಲ್ಲಿ ಮೊಳೆತದ್ದು ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ. ನಮ್ಮಲ್ಲಿ ಓದುವ ಮಕ್ಕಳು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಿಂದ ಬಂದವರು. ಮನೆಯಲ್ಲಿ ಕೆಲವರ ಮಾತು ದಖ್ಖನಿ ಉರ್ದು, ಹಲವರದು ಅಪ್ಪಟ ಕನ್ನಡ. ರಜೆ ಮುಗಿಸಿ ಬಂದ ಹಿರೇಕೆರೂರು ಕಡೆಯ ಹದಿನಾಲ್ಕರ ಹುಡುಗ ಪಾಠದ ನಡುವೆ ಎದ್ದು ನಿಂತು, “ಹಜರತ್, ನಮ್ಮ ಹಿರ್‍ಯಾರು ಎಲ್ಲಿಂದ ಬಂದಾರ್ರಿ?” ಎಂದು ಕೇಳಿದ. ಬಸ್ಸಿನಲ್ಲಿ ಅವನ ಟೊಪ್ಪಿಗೆಯನ್ನು ನೋಡಿದ ಯಾರೋ ಇಬ್ಬರು, ನೀವೆಲ್ಲ ಹೊರಗಿನಿಂದ ಬಂದವರೆಂದು ನಗುತ್ತಾ ಹೇಳಿದ್ದರು. ಜಗಳವಾಗಿರಲಿಲ್ಲ. ಅವರು ಅವನಿಗೆ ಕುಳಿತುಕೊಳ್ಳಲು ಜಾಗವನ್ನೂ ಕೊಟ್ಟಿದ್ದರು. ಆದರೂ ಆ ಮಾತು ಹುಡುಗನೊಳಗೆ ಮುಳ್ಳಿನಂತೆ ಉಳಿದಿತ್ತು. ಅದಕ್ಕೆ ಕಪ್ಪುಹಲಗೆಯ ಮುಂದೆ ನಿಂತು ಉತ್ತರ ಹೇಳುವುದು ನಮಗೆ ಸರಿಯೆನಿಸಲಿಲ್ಲ. ಮಳೆಗಾಲ ಮುಗಿಯುತ್ತ ಬಂದ ಒಂದು ಭಾನುವಾರ, ಇಬ್ಬರು ಅಧ್ಯಾಪಕರು ಮತ್ತು ಹನ್ನೊಂದು ಮಂದಿ ಹುಡುಗರು ಬಾಡಿಗೆಯ ಟೆಂಪೊ ಹತ್ತಿ, ಫಜ್ರ್ ನಮಾಝಿನ ಬೆನ್ನಿಗೇ ಹಾನಗಲ್ಲಿನಿಂದ ಹೊರಟೆವು.

ದಾರಿಯ ಎರಡೂ ಬದಿ ಮೆಕ್ಕೆಜೋಳ ತೆನೆ ಬಿಟ್ಟು ನಿಂತಿತ್ತು. ಮೊದಲ ನಿಲುಗಡೆ ಶಿಗ್ಗಾಂವಿ ತಾಲೂಕಿನ ಬಂಕಾಪುರ. ಈ ಊರಿಗೆ ಹೆಸರು ಕೊಟ್ಟವನು ರಾಷ್ಟ್ರಕೂಟ ಅಮೋಘವರ್ಷನ ಸಾಮಂತನಾದ ಬಂಕೆಯ. ಅವನ ಮಗ ಲೋಕಾದಿತ್ಯನ ಕಾಲದಲ್ಲಿ, 898ರಲ್ಲಿ, ಜೈನರ ಉತ್ತರಪುರಾಣವು ಸಮಾಪ್ತಿಗೊಂಡದ್ದು ಇಲ್ಲಿಯೇ. ಬಿ.ಎ. ತರಗತಿಯಲ್ಲಿ ನಾವು ಬರಿಯ ಇಸವಿಯಾಗಿ ಉರುಹೊಡೆದ ಈ ಸಂಗತಿ, ಕೋಟೆಯ ಒಡಕು ಗೋಡೆಯ ಪಕ್ಕದಲ್ಲಿ ನಿಂತಾಗ ಒಮ್ಮೆಲೇ ಮೈಪಡೆದಂತಾಯಿತು. ಇಂದು ಕಂದಕವೂ ಮುರುಕು ಬುರುಜುಗಳೂ ಉಳಿದಿರುವ ಈ ಬಯಲಿನಲ್ಲಿ ಒಂದು ಕಾಲಕ್ಕೆ ಸಂಸ್ಕೃತ ಗ್ರಂಥಗಳು ಸಿದ್ಧವಾಗುತ್ತಿದ್ದವು.

ಕೋಟೆಯೊಳಗೆ 1919ರಿಂದಲೂ ಸರ್ಕಾರದ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ಗಿಡಗಂಟಿ ಕಡಿಯುವವರಿಲ್ಲದೆ, ಬೇಟೆಯ ಭಯವಿಲ್ಲದೆ, ನವಿಲುಗಳು ತಾವಾಗಿಯೇ ಇಲ್ಲಿ ಹೆಚ್ಚಿದವು. 2006ರಲ್ಲಿ ಕೋಟೆಯ 139 ಎಕರೆ ಪ್ರದೇಶವನ್ನು ನವಿಲುಧಾಮವೆಂದು ಘೋಷಿಸಲಾಯಿತು. ಊರಿನ ಉದ್ಯಾನವೆಂದರೆ ಕಾರಂಜಿ, ಸಿಮೆಂಟಿನ ಆನೆ, ಜಾರುಬಂಡೆ ಎಂದು ತಿಳಿದಿದ್ದ ನಮ್ಮ ಹುಡುಗರಿಗೆ, ಎತ್ತುಗಳ ಕಾಲ ನಡುವೆ ಕಾಳು ಹೆಕ್ಕುವ ನವಿಲುಗಳನ್ನು ಕಂಡು ಮಾತೇ ನಿಂತುಹೋಯಿತು. ಒಂದು ಗಂಡು ನವಿಲು ಕುಸಿದ ಗೋಡೆಯ ಮೇಲೆ ನಿಂತು, ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಗರಿ ಒಣಗಿಸುತ್ತಿತ್ತು. ಸೃಷ್ಟಿಕರ್ತನ ಕೈಚಳಕವನ್ನು ವರ್ಣಿಸಲು ನಾವು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಹುಡುಗರೇ “ಸುಬ್‌ಹಾನಲ್ಲಾಹ್” ಎಂದುಬಿಟ್ಟರು. ನಮ್ಮ ಪ್ರವಚನ ಅಲ್ಲಿಗೆ ನಿಂತಿತು.

ನಗರೇಶ್ವರ ದೇವಾಲಯ ಇರುವುದೂ ಈ ಕೋಟೆಯೊಳಗೆಯೇ. ಜನರು ಇದನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿರುವ ಇದಕ್ಕೆ ಇಳಿದು ಹೋಗಬೇಕು. ಮುಂದೆ ಹೋಗುವ ಮೊದಲು ನಮ್ಮ ಜೊತೆಗಿದ್ದ ಕಿರಿಯ ಅಧ್ಯಾಪಕರು, “ಒಳಗೆ ಹೋಗಬಹುದೇ?” ಎಂದು ಕಿವಿಯಲ್ಲಿ ಕೇಳಿದರು. ಈ ಕುರಿತು ನಮ್ಮ ಫಿಕ್‌ಹ್ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆರಾಧನೆಗಾಗಿ ಹೋಗುವುದು ಬೇರೆ, ಅರಿವಿಗಾಗಿ ಹೋಗುವುದು ಬೇರೆ ಎಂಬ ಅಭಿಪ್ರಾಯ ನಮಗೆ ಒಪ್ಪಿಗೆಯಾದದ್ದು. ಖಲೀಫಾ ಉಮರ್(ರ) ಅವರು ಜೆರುಸಲೇಮಿನ ಚರ್ಚನ್ನು ನೋಡುತ್ತಿದ್ದಾಗ ನಮಾಝಿನ ಸಮಯವಾಯಿತು. ಅಲ್ಲಿಯೇ ಮಾಡಬಹುದೆಂದು ಪಾದ್ರಿಗಳು ಹೇಳಿದರೂ ಅವರು ಹೊರಗೆ ಬಂದು ನಮಾಝ್ ನಿರ್ವಹಿಸಿದರೆಂದು ಇತಿಹಾಸಕಾರರು ಹೇಳುತ್ತಾರೆ. ಉಮರ್ ಇಲ್ಲಿ ನಮಾಝ್ ಮಾಡಿದ್ದರೆಂಬ ನೆಪದಿಂದ ಮುಂದಿನವರು ಆ ಜಾಗವನ್ನು ಕೇಳಬಾರದೆಂಬುದೇ ಅವರ ಕಳಕಳಿಯಾಗಿತ್ತು. ನೋಡಿದರು, ಆದರೆ ತಮ್ಮದೆನ್ನಲಿಲ್ಲ. ಅನ್ಯರ ಆರಾಧನಾಲಯದಲ್ಲಿ ನಮ್ಮ ನಡತೆ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ಪಾಠವನ್ನು ನಾವು ಕಾಣೆವು.

ಪಾದರಕ್ಷೆ ಬಿಟ್ಟು ಒಳಗೆ ಹೋದೆವು. ಕಡೆದು ತೆಗೆದಂತಹ ಕಂಬಗಳು. ಅವುಗಳ ಮೈ ಎಷ್ಟು ನುಣುಪೆಂದರೆ ಹುಡುಗರು ತಮ್ಮ ಮುಖದ ನೆರಳನ್ನು ಅವುಗಳಲ್ಲಿ ಹುಡುಕುತ್ತಿದ್ದರು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಮಲದ ಛತ್ತು ನಮ್ಮೂರವರಿಗೆ ಪರಿಚಿತ. ಅದೇ ಚಾಲುಕ್ಯರ ಕಾಲದ ಕೈಗಳ ಕೆಲಸ ಇದೆಂದು ಹಾನಗಲ್ಲಿನ ಹುಡುಗನೊಬ್ಬ ತಾನೇ ಗುರುತಿಸಿದ. ಅಲ್ಲಲ್ಲಿ ಮುಕ್ಕಾದ ಶಿಲ್ಪಗಳೂ ಇದ್ದವು. ಬಸ್ಸಿನ ಪ್ರಶ್ನೆ ಕೇಳಿದ್ದ ಹುಡುಗ ಈಗ ಇನ್ನೊಂದನ್ನು ಕೇಳಿದ: “ಇವನ್ನ ಒಡದವ್ರು ನಮ್ಮವರs ಏನ್ರಿ?”

ಈ ಶಿಲ್ಪಗಳನ್ನು ಕಾಲ ಮುಕ್ಕಾಗಿಸಿತೋ ಮನುಷ್ಯರೋ, ಕಲ್ಲನ್ನು ನೋಡಿ ಹೇಳಲಾಗದು. ಆದರೆ ಪ್ರಶ್ನೆಯನ್ನು ಅಷ್ಟಕ್ಕೇ ಜಾರಿಸಿಬಿಡುವುದು ಅಧ್ಯಾಪಕನಿಗೆ ತಕ್ಕುದಲ್ಲ. 16ನೆಯ ಶತಮಾನದಲ್ಲಿ ವಿಜಯಪುರದ ಅಲಿ ಆದಿಲ್‌ಶಾಹನು ಬಂಕಾಪುರದ ಕೋಟೆಯನ್ನು ದೀರ್ಘ ಮುತ್ತಿಗೆಯ ನಂತರ ಗೆದ್ದಾಗ, ಒಳಗಿದ್ದ ಭವ್ಯ ದೇವಾಲಯವೊಂದನ್ನು ಕೆಡವಿಸಿ ಮಸೀದಿಗೆ ತಾನೇ ಮೊದಲ ಕಲ್ಲಿಟ್ಟನೆಂದು ಫರಿಶ್ತಾ ಬರೆದಿದ್ದಾನೆ. ಫರಿಶ್ತಾ ಶತ್ರುವಲ್ಲ, ಅದೇ ವಿಜಯಪುರದ ಆಸ್ಥಾನದಲ್ಲಿದ್ದು ಇತಿಹಾಸ ಬರೆದವನು. ಇದನ್ನು ನಾವು ಹುಡುಗರಿಗೆ ಇದ್ದಂತೆಯೇ ಹೇಳಿದೆವು. ನಮ್ಮ ಕಿರಿಯ ಸಹೋದ್ಯೋಗಿಯ ಮುಖ ಸ್ವಲ್ಪ ಬಾಡಿತು. ಆದರೆ ನ್ಯಾಯದ ಸಾಕ್ಷ್ಯವನ್ನು ಸ್ವಂತದವರ ವಿರುದ್ಧವಾದರೂ ನುಡಿಯಬೇಕೆಂದು ನಮಗೆ ಕಲಿಸಿದ ಗ್ರಂಥವನ್ನೇ ಓದಿಸುತ್ತ, ಇಂಥದ್ದನ್ನು ನುಂಗಿಕೊಳ್ಳುವುದು ಹೇಗೆ? ಅಲ್ಲಾಹನ ನಾಮಸ್ಮರಣೆ ನಡೆಯುವ ಮಠಗಳು, ಚರ್ಚುಗಳು, ಯಹೂದ್ಯರ ಮಂದಿರಗಳು ಮತ್ತು ಮಸೀದಿಗಳು ನೆಲಸಮವಾಗದಂತೆ ಕಾಯುವ ವಿಚಾರ ಅದೇ ಕುರ್‌ಆನಿನಲ್ಲಿ ಬಂದಿರುವುದನ್ನೂ ನೆನಪಿಸಿದೆವು. ಸುಲ್ತಾನನ ಕತ್ತಿಗೆ ರಾಜ್ಯ ಬೇಕಿತ್ತು. ಉಮರ್(ರ) ಅವರ ನಡೆ ಅವನ ಮುಂದಿತ್ತು, ಅವನು ಅದನ್ನು ಹಿಡಿಯಲಿಲ್ಲ. ಹುಡುಗ ಬಹಳ ಹೊತ್ತು ಕಂಬಕ್ಕೆ ಒರಗಿ ನಿಂತಿದ್ದ. “ಮತ್ತ, ಉಳದದ್ದನ್ನ ನೋಡಕೊಳ್ಳಾವ್ರು ಯಾರ್ರಿ?” ಎಂದು ಕೇಳಿದ. ಪುರಾತತ್ವ ಇಲಾಖೆಯ ಫಲಕವನ್ನು ತೋರಿಸಿದೆವು. ಫಲಕದ ಅಕ್ಷರಗಳ ಮೇಲೆ ಯಾರೋ ತಮ್ಮ ಪ್ರೇಮವನ್ನು ಮೊಳೆಯಿಂದ ಕೊರೆದಿದ್ದರು.

ಇದೇ ತಾಲೂಕಿನಲ್ಲಿ ಸಂತ ಶಿಶುನಾಳ ಶರೀಫರ ಊರಿದೆ, ಹುಲಗೂರಿನ ಖಾದರ್ ಶಾಹ್ ವಲಿಯವರ ದರ್ಗಾ ಇದೆ. ಅತ್ತ ಹೋಗಲಿಲ್ಲ. ಸೌಹಾರ್ದದ ಮಾತು ಬಂದಾಗಲೆಲ್ಲ ವೇದಿಕೆಗಳಲ್ಲಿ ಶರೀಫರನ್ನೂ ಅವರ ಗುರು ಗೋವಿಂದಭಟ್ಟರನ್ನೂ ಎಳೆತಂದು, ಕೆಳಗಿಳಿದ ಮೇಲೆ ಮರೆಯುವುದು ನಮ್ಮ ಜಿಲ್ಲೆಯ ರೂಢಿ. ಆ ಮಹನೀಯರಿಗೆ ಒಂದು ದಿನವಾದರೂ ಬಿಡುವಿರಲಿ ಎನ್ನಿಸಿತು.

ಸವಣೂರು ತಲುಪಿದಾಗ ಹತ್ತೂವರೆ. ಪಠಾಣ ಮನೆತನದ ನವಾಬರು ಆಳಿದ ಈ ಊರು 1756ರಲ್ಲಿ ಮರಾಠರ, ನಿಜಾಮನ ಮತ್ತು ಫ್ರೆಂಚ್ ಸೇನಾಪತಿ ಬುಸ್ಸಿಯ ಮುತ್ತಿಗೆಯನ್ನು ಕಂಡಿತು. ಮುಂದೆ ಹೈದರಲಿಯ ಮನೆತನದೊಂದಿಗೆ ಹೆಣ್ಣು ಕೊಟ್ಟು ತಂದು ಬೀಗರಾಯಿತು. ಕೊನೆಗೆ 1948ರಲ್ಲಿ ಭಾರತದ ಒಕ್ಕೂಟದಲ್ಲಿ ಲೀನವಾಯಿತು. ಇಷ್ಟನ್ನು ಟೆಂಪೊದಲ್ಲಿಯೇ ಹೇಳಿ ಮುಗಿಸಿದೆವು. ಊರನ್ನು ಓದಬೇಕಾದದ್ದು ಓಣಿಗಳಲ್ಲಿ.

ಹಳೆಯ ಸವಣೂರಿನ ಓಣಿಗಳು ಎದುರಿನಿಂದ ಬಂದವರಿಗೆ ಸಲಾಮು ಹೇಳದೆ ದಾಟಲಾಗದಷ್ಟು ಕಿರಿದು. ನವಾಬರ ಕಾಲದ ಕಮಾನಿನ ಕಟ್ಟಡವೊಂದರ ಬಿರುಕಿನಲ್ಲಿ ಅರಳಿಗಿಡ ಬೇರುಬಿಟ್ಟಿತ್ತು. ಅದರ ಬುಡದಲ್ಲಿ ಪ್ಲಾಸ್ಟಿಕ್ ಕಸದ ರಾಶಿ. ಬಂಕಾಪುರದ ಗುಡಿಗೆ ಕಾವಲಿನವರೂ ಫಲಕವೂ ಇದ್ದರು. ಇಲ್ಲಿ ಅದೂ ಕಾಣಲಿಲ್ಲ. ಇದನ್ನು ಕಂಡು ನಾವು ಯಾರನ್ನೂ ದೂರಬೇಕಾಗಿಲ್ಲ. ಅಕ್ಕಪಕ್ಕದ ಮನೆಗಳೆಲ್ಲ ನಮ್ಮವರವೇ, ಕಸವೂ ನಮ್ಮದೇ. ನಮ್ಮ ಪರಂಪರೆಯ ಕುರಿತು ಭಾವುಕರಾಗಿ ಮಾತನಾಡುವ ಜನ ಒಂದು ಶುಕ್ರವಾರ ಪೊರಕೆ ಹಿಡಿದರೆ ಸಾಕಿತ್ತು. ಶುಚಿತ್ವವು ವಿಶ್ವಾಸದ ಭಾಗವೆಂದು ಮದ್ರಸದ ಮೊದಲ ತರಗತಿಯಲ್ಲೇ ಬಾಯಿಪಾಠ ಮಾಡಿಸುತ್ತೇವೆ.

ಕನ್ನಡ ಓದಿದ ನಮಗೆ ಈ ಊರು ಇನ್ನೊಂದು ಕಾರಣಕ್ಕೆ ದೊಡ್ಡದು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಇಲ್ಲಿ. ಆಕ್ಸ್‌ಫರ್ಡಿಗೆ ಹೋಗುವ ಮುನ್ನ, ಧಾರವಾಡಕ್ಕೂ ಹೋಗುವ ಮುನ್ನ, ಅವರು ಓದಿದ್ದು ಸವಣೂರಿನ ಮಜೀದ್ ಹೈಸ್ಕೂಲಿನಲ್ಲಿ. ಆಗ ಆಳುತ್ತಿದ್ದ ನವಾಬರ ಹೆಸರು ಅಬ್ದುಲ್ ಮಜೀದ್ ಖಾನ್. 1990ರ ಜ್ಞಾನಪೀಠವನ್ನು ಕನ್ನಡಕ್ಕೆ ತಂದವರು, ಶಾಲೆಗಳಲ್ಲಿ ಕನ್ನಡದ ಸ್ಥಾನಕ್ಕಾಗಿ ಎದ್ದ ಚಳವಳಿಗೆ ತಮ್ಮ ವರದಿಯ ಮೂಲಕ ಹೆಸರಾದವರು, ಅಕ್ಷರ ತಿದ್ದಿಕೊಂಡದ್ದು ಇಂಥ ಹೆಸರಿನ ಶಾಲೆಯಲ್ಲಿ. ಹುಡುಗರಲ್ಲಿ ಇಬ್ಬರು ಇದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು, ಒಬ್ಬ ಅಂಗೈ ಮೇಲೆ.

ಉತ್ತರಾದಿ ಮಠದ ಶ್ರೀ ಸತ್ಯಬೋಧತೀರ್ಥರ ಬೃಂದಾವನವೂ ಸವಣೂರಿನಲ್ಲಿದೆ. 1744ರಿಂದ 1783ರವರೆಗೆ ಪೀಠದಲ್ಲಿದ್ದ ಅವರು ಕೊನೆಯ ದಿನಗಳನ್ನು ಕಳೆದು ದೇಹ ಬಿಟ್ಟದ್ದು ನವಾಬರ ಈ ಊರಿನಲ್ಲಿ. ನವಾಬರು ಅವರಲ್ಲಿ ಅಪಾರ ಗೌರವವಿಟ್ಟಿದ್ದರೆಂಬ ಕಥೆಗಳನ್ನು ಎರಡೂ ಕಡೆಯ ಹಿರಿಯರು ಹೇಳುತ್ತಾರೆ. ಮಠದ ಕಥೆಗಳಲ್ಲಿ ಪವಾಡಗಳಿವೆ. ಅವುಗಳ ವಿಚಾರ ಅವರ ನಂಬಿಕೆಗೆ ಬಿಟ್ಟದ್ದು. ಪೂಜೆಯ ಹೊತ್ತಾದ್ದರಿಂದ ನಾವು ಹೊರಗಿನಿಂದಲೇ ನೋಡಿದೆವು. ಜಗಲಿಯ ಮೇಲಿದ್ದ ವೃದ್ಧರೊಬ್ಬರು ನಮ್ಮ ಗಡ್ಡ ಟೊಪ್ಪಿಗೆಗಳ ಸಾಲನ್ನು ಕಂಡು, “ಯಾವೂರಿನವರ್ರಿ ಮೌಲಾನಾರ? ಬಿಸಿಲಾಗ್ಯಾಕ ನಿಂತೀರಿ, ಈ ಕಡೆ ನೆರಳಿಗೆ ಬರ್ರಿ” ಎಂದರು. ನೀರು ತರಿಸಿ ಕೊಟ್ಟರು. ಹುಡುಗರು ಸಾಲಾಗಿ ಕುಳಿತು, ಬಲಗೈಯಲ್ಲಿ ಹಿಡಿದು, ಮೂರು ಗುಟುಕಿನಲ್ಲಿ ಕುಡಿದರು. “ಚಲೋ ಕಲಿಸೀರಿ” ಎಂದು ಅವರು ನಕ್ಕರು.

ಝುಹರ್ ನಮಾಝ್ ಮತ್ತು ಊಟ ಮುಗಿಸಿ ದೊಡ್ಡಹುಣಸೆ ಕಲ್ಮಠಕ್ಕೆ ಹೋದೆವು. ದಿನದ ನಿಜವಾದ ಗುರಿ ಇದೇ ಆಗಿತ್ತು. ಮಠದ ಆವರಣದಲ್ಲಿ ಮೂರು ಮರಗಳಿವೆ, ಮರಗಳೆನ್ನುವುದಕ್ಕಿಂತ ಬುರುಜುಗಳೆನ್ನಬಹುದು. ಬುಡದಲ್ಲಿ ಆನೆಯ ಮೈಯಂತಹ ಬೂದು ತೊಗಟೆ, ಮೇಲೆ ಬೆರಳು ಬಿಡಿಸಿದ ಅಂಗೈಯಂತಹ ಎಲೆ. ಮಠದವರ ಒಪ್ಪಿಗೆ ಪಡೆದು ಹುಡುಗರು ಒಂದು ಮರದ ಸುತ್ತ ಕೈಗೆ ಕೈ ಸೇರಿಸಿ ನಿಂತರು. ಒಂಬತ್ತು ಮಂದಿ ಸಾಲಲಿಲ್ಲ; ಹತ್ತನೆಯವನನ್ನು ಕರೆಯಬೇಕಾಯಿತು. ಕಿರಿಯ ಸಹೋದ್ಯೋಗಿ ಮತ್ತೆ ಚಡಪಡಿಸಿ, ಇದು ಪ್ರದಕ್ಷಿಣೆಯಂತೆ ಕಾಣದೇ ಎಂದರು. ಅಳತೆಗೂ ಆರಾಧನೆಗೂ ವ್ಯತ್ಯಾಸ ಹುಡುಗರಿಗೆ ಗೊತ್ತಿದೆಯೆಂದು ಸಮಾಧಾನ ಹೇಳಿದೆವು.

ಈ ಮರಗಳನ್ನು ಶ್ರೀಕೃಷ್ಣನು ನೆಟ್ಟನೆಂಬುದು ಸ್ಥಳೀಯ ನಂಬಿಕೆ. ಗೋರಖನಾಥರ ಹೆಸರೂ ಈ ಜಾತಿಯ ಮರಕ್ಕೆ ಅಂಟಿಕೊಂಡಿದೆ. ಹಿಂದಿಯಲ್ಲಿ ಇದು ಗೋರಖ್ ಇಮ್ಲಿ. ಸಸ್ಯಶಾಸ್ತ್ರದವರು ಇದನ್ನು ಬಾವೊಬಾಬ್ ಎನ್ನುತ್ತಾರೆ. ಸೆನೆಗಲ್ ದೇಶದಲ್ಲಿ ಇದನ್ನು ಅಭ್ಯಾಸ ಮಾಡಿದ ಫ್ರೆಂಚ್ ವಿದ್ವಾಂಸ ಆದಂಸೋನನ ಹೆಸರನ್ನು ಇದಕ್ಕಿಟ್ಟಿದ್ದಾರೆ. ಇದರ ತವರು ಆಫ್ರಿಕಾ. ಬೇಸಿಗೆಯ ಬರಕ್ಕೆ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಬಿಳಿಯ ದೊಡ್ಡ ಹೂವು ಇರುಳಿನಲ್ಲಿ ಅರಳುತ್ತದೆ, ಬಾವಲಿಗಳು ಪರಾಗವನ್ನು ಹೊರುತ್ತವೆ. ಅರಬ್ ವರ್ತಕರು ತಂದರೆಂದು ಕೆಲವರು, ಆಫ್ರಿಕಾದಿಂದ ಬಂದ ಹಬ್ಶಿ ಸೈನಿಕರು ತಂದರೆಂದು ಕೆಲವರು ಊಹಿಸುತ್ತಾರೆ. ವಿಜಯಪುರದಲ್ಲೂ ಗೋಲ್ಕೊಂಡದಲ್ಲೂ ಇದರ ಬಂಧುಗಳಿವೆ. ಯಾರು ತಂದಿರಲಿ, ಇಂದು ಇವುಗಳಿಗೆ ನೆರಳಾಗಿ ನಿಂತಿರುವುದು ಒಂದು ಲಿಂಗಾಯತ ಮಠ.

2023ರ ಮಳೆಗಾಲದಲ್ಲಿ ಮೂರರಲ್ಲೊಂದು ಮರ ಬುಡಸಮೇತ ಉರುಳಿತು. ಸತ್ತಿತೆಂದು ಕಡಿದು ಸಾಗಿಸುವುದು ಸುಲಭವಿತ್ತು. ಜಿಲ್ಲೆಯ ಅಧಿಕಾರಿಗಳು, ತಜ್ಞರು, ಊರವರು ಸೇರಿ, ಯಂತ್ರಗಳನ್ನು ತರಿಸಿ, ಅದನ್ನು ಮತ್ತೆ ಎತ್ತಿ ನಿಲ್ಲಿಸಿ ನೆಟ್ಟರು. ಆ ಮರದ ಮುಂದೆ ನಾವು ಬಹಳ ಹೊತ್ತು ನಿಂತೆವು. ಕೊಂಬೆಗಳನ್ನು ಕಳೆದುಕೊಂಡ ಬೋಳು ಕಾಂಡ ಅದು. ಪ್ರಳಯದ ಗಳಿಗೆ ಬಂದರೂ ಕೈಯಲ್ಲಿರುವ ಸಸಿಯನ್ನು ನೆಟ್ಟುಬಿಡಬೇಕೆಂಬ ಆಶಯದ ಪ್ರವಾದಿ(ಸ) ವಚನವನ್ನು ಹುಡುಗರು ಬಲ್ಲರು. ಇಲ್ಲಿ ಸಸಿಯಲ್ಲ, ಮುದುಕ ಮರವನ್ನೇ ನೆಟ್ಟಿದ್ದಾರೆ.

ನಾವು ಹುಡುಗರಿಗೆ ಹೆಸರಿನ ವಿಚಾರವನ್ನು ತೆಗೆದೆವು. ಕನ್ನಡದಲ್ಲಿ ಇದು ದೊಡ್ಡ ಹುಣಸೆ. ಕಾಯೊಳಗಿನ ತಿರುಳು ಹುಳಿ, ಆದ್ದರಿಂದ ಆ ಹೆಸರು. ಹಾಗಾದರೆ ನಮ್ಮ ಸಾರಿನ ಹುಣಸೆ ಎಲ್ಲಿಯದು? ಅರಬರು ನಮ್ಮ ಕರಾವಳಿಯಲ್ಲಿ ಅದನ್ನು ಕಂಡು ತಮ್ರ್ ಹಿಂದ್, ಅಂದರೆ ಹಿಂದುಸ್ತಾನದ ಖರ್ಜೂರ ಎಂದು ಕರೆದರು. ಇಂಗ್ಲಿಷಿನ ಟ್ಯಾಮರಿಂಡ್ ಹುಟ್ಟಿದ್ದು ಈ ಅರಬಿ ಮಾತಿನಿಂದ. ಅದರ ಶಾಸ್ತ್ರೀಯ ಹೆಸರಿನಲ್ಲೂ ಇಂಡಿಕಾ ಎಂಬ ಮುದ್ರೆ ಬಿದ್ದಿದೆ. ಆದರೆ ಹುಣಸೆಯ ತವರೂ ಆಫ್ರಿಕಾವೇ! ಎಷ್ಟು ಹಿಂದೆ ಬಂದು ನೆಲೆಸಿತೆಂದರೆ, ಅದು ಬಂದದ್ದನ್ನೇ ಈ ನೆಲ ಮರೆತಿದೆ. ದಾರಿಯುದ್ದಕ್ಕೂ ನೋಡಿದ ಮೆಕ್ಕೆಜೋಳ ಅಮೆರಿಕ ಖಂಡದ್ದು. ಪಕ್ಕದ ಬ್ಯಾಡಗಿಗೆ ಜಗತ್ತಿನಲ್ಲೆಲ್ಲ ಹೆಸರು ತಂದ ಮೆಣಸಿನಕಾಯಿಯೂ ಅಲ್ಲಿಯದೇ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು.

ಹಿರೇಕೆರೂರಿನ ಹುಡುಗ ನಗತೊಡಗಿದ. “ಹಂಗಾದ್ರ ಹಜರತ್, ಬಸ್ಸಿನ್ಯಾಗಿನವ್ರು ಸಾರನ್ನೂ ಕೇಳಬೇಕಿತ್ತಲ್ರಿ, ನೀ ಎಲ್ಲಿಂದ ಬಂದಿ ಅಂತ!”

ಎಲ್ಲರೂ ನಕ್ಕೆವು. ಆದರೆ ಈ ಉಪಮೆಯನ್ನು ಇಲ್ಲಿಗೇ ಬಿಟ್ಟರೆ ಅದು ಅರ್ಧ ಸತ್ಯವಾಗುತ್ತದೆಂದು ನಾವು ಮಾತು ಮುಂದುವರಿಸಿದೆವು. ನವಾಬರು ಪಠಾಣರು, ಅವರ ಪೂರ್ವಿಕರು ಬಂದ ದಾರಿ ಇತಿಹಾಸದಲ್ಲಿದೆ. ಈ ಹುಡುಗನ ಅಜ್ಜ ಹತ್ತಿ ಬಡಿದು ಗಾದಿ ಹೊಲಿಯುತ್ತಿದ್ದ ಪಿಂಜಾರರವನು. ಮನೆಯ ಮಾತು ಕನ್ನಡ, ಅಡ್ಡಹೆಸರಿಗೂ ಅದೇ ಹಿರೇಕೆರೂರು ಸೀಮೆಯ ಹಳ್ಳಿಯ ನಂಟು. ನಮ್ಮ ಹನ್ನೊಂದು ಹುಡುಗರಲ್ಲಿ ಎಂಟು ಮಂದಿಯ ಕಥೆ ಹೀಗೆಯೇ. ಅವರ ಹಿರಿಯರು ಎಲ್ಲಿಂದಲೂ ಬಂದವರಲ್ಲ. ಇಲ್ಲಿಯೇ ಇದ್ದವರ ಬಳಿಗೆ ದೀನ್ ಬಂತು, ಹಾಗೆಯೇ ಇಲ್ಲಿಯೇ ಇದ್ದವರ ಹೊಲಕ್ಕೆ ಮೆಣಸಿನಕಾಯಿ ಬಂತು. ಹುಡುಗ ನಗುವನ್ನು ನಿಲ್ಲಿಸಿ, “ಇದನ್ನ ಮೊದಲs ಹೇಳಬಹುದಿತ್ತಲ್ರಿ?” ಎಂದ. ಹೇಳಬಹುದಿತ್ತು. ಆಗ ಅವನು ಬಂಕಾಪುರದ ಕಂಬಗಳನ್ನು ನೋಡುತ್ತಿರಲಿಲ್ಲ, ಆ ಎರಡನೆಯ ಪ್ರಶ್ನೆಯನ್ನು ಕೇಳುತ್ತಲೂ ಇರಲಿಲ್ಲ.

ಅಸರ್ ನಂತರ ಪೇಟೆಗೆ ಬಂದೆವು. ಸವಣೂರಿನ ವೀಳ್ಯದೆಲೆಗೆ ಸುತ್ತಲಿನ ಜಿಲ್ಲೆಗಳಲ್ಲೆಲ್ಲ ಹೆಸರಿದೆ. ಒದ್ದೆ ಗೋಣಿಯ ಮೇಲೆ ಎಲೆಯ ಕಟ್ಟುಗಳನ್ನು ಜೋಡಿಸಿಕೊಂಡಿದ್ದ ತಾಯಿಯೊಬ್ಬರು ಎಲೆ ಎಣಿಸುವ ವೇಗವನ್ನು ಹುಡುಗರು ಬಾಯಿಬಿಟ್ಟು ನೋಡಿದರು. ಎಲೆಯ ತೋಟಕ್ಕೆ ನೀರು ಸಾಲದ ಚಿಂತೆ ಅವರದು. ಮಕ್ಕಳು ಬೆಂಗಳೂರಿಗೆ ಹೋಗಿದ್ದಾರೆ, ಬಳ್ಳಿ ಇಳಿಸಿ ಕಟ್ಟುವ ಕೈಗಳು ಕಡಿಮೆಯಾಗಿವೆ. “ಎಲಿ ತೋಟಾ ಅಂದ್ರ ಕೂಸಿದ್ಧಂಗ ತಮ್ಮಾ, ಬಿಟ್ಟ ಎಲ್ಲಿಗೂ ಹೋಗಾಕ ಬರೂದಿಲ್ಲ” ಎಂದರು. ಎಲೆ ತಿನ್ನುವ ಅಭ್ಯಾಸ ನಮಗಿಲ್ಲ. ಆದರೂ ಮನೆಯಲ್ಲಿರುವ ಮುದುಕಿಗಾಗಿ ಒಂದು ಕಟ್ಟು ಕೊಂಡೆವು.

ಪಕ್ಕದ ಅಂಗಡಿಯಲ್ಲಿ ಸವಣೂರು ಖಾರ ಬಾಣಲೆಯಿಂದ ಆಗಷ್ಟೇ ಇಳಿದಿತ್ತು. ಒಬ್ಬೊಬ್ಬರಿಗೂ ಕಾಗದದ ಪೊಟ್ಟಣದಲ್ಲಿ ಒಂದು ಹಿಡಿ ಕೊಡಿಸಿದೆವು. ಎರಡನೆಯ ತುತ್ತಿಗೆ ಕಿರಿಯ ಸಹೋದ್ಯೋಗಿಯ ಕಣ್ಣಲ್ಲಿ ನೀರು ಬಂತು. ಹುಡುಗರು ಅದನ್ನು ಗೌರವದಿಂದ ನೋಡದಂತೆ ನಟಿಸಿದರು. ಹಿರೇಕೆರೂರಿನವನು ತನ್ನ ಪಾಲಿನ ಪೊಟ್ಟಣವನ್ನು ಬಿಚ್ಚಲೇ ಇಲ್ಲ. ಅವ್ವನಿಗೆ ಒಯ್ಯುತ್ತೇನೆಂದು ಜೇಬಿನೊಳಗೆ ಇಟ್ಟುಕೊಂಡ. ಹಾನಗಲ್ ತಲುಪುವ ಹೊತ್ತಿಗೆ ಅದರ ಎಣ್ಣೆ ಅವನ ಬಿಳಿಯ ಜುಬ್ಬಾಕ್ಕೆಲ್ಲ ಇಳಿದಿತ್ತು.